ಹಬ್ಬದ ಹರ್ಷ, ಹಬ್ಬದ ಹೊರೆ: ಕ್ರಿಸ್ತಜಯಂತಿಯ ಆಚರಣೆಗೆ ಎದುರಾದ ಎರಡು ಆಕ್ಷೇಪಗಳು

ಕ್ರಿಸ್ತಜಯಂತಿಯ ಆಚರಣೆಯ ವಿಷಯದಲ್ಲಿ ಕ್ರೈಸ್ತರೆಲ್ಲರೂ ಎಲ್ಲ ಕಾಲದಲ್ಲಿಯೂ ಒಮ್ಮತದಿಂದ ಇದ್ದರೆಂದು ಭಾವಿಸುವುದು ಸರಿಯಲ್ಲ. ಈ ಹಬ್ಬವನ್ನು ಹರ್ಷದಿಂದ ಬರಮಾಡಿಕೊಂಡವರಿದ್ದಂತೆ ಅದನ್ನು ಸಂಶಯದಿಂದ ನೋಡಿದವರೂ ಕಾನೂನಿನ ಮೂಲಕ ನಿಷೇಧಿಸಿದವರೂ ಇದ್ದಾರೆ. ಅವರು ಎತ್ತಿದ ಆಕ್ಷೇಪಗಳನ್ನು ನಾವು ಎರಡಾಗಿ ವಿಂಗಡಿಸಬಹುದು. ಮೊದಲನೆಯದು ದಿನವನ್ನು ಕುರಿತದ್ದು: ಪವಿತ್ರ ಗ್ರಂಥವು ವಿಧಿಸದ ದಿನವನ್ನು ಆಚರಿಸುವುದು ಯುಕ್ತವೇ? ಎರಡನೆಯದು ಹೊರೆಯನ್ನು ಕುರಿತದ್ದು: ಹಬ್ಬದ ಹೆಸರಿನಲ್ಲಿ ಬಡವರ ಮೇಲೆ ಬೀಳುವ ಖರ್ಚು, ದುಡಿಮೆ ಮತ್ತು ಮುಜುಗರ ನ್ಯಾಯವೇ? ಮೊದಲನೆಯ ಪ್ರಶ್ನೆಗೆ ನಮ್ಮ ಪಠ್ಯಗಳಲ್ಲಿ ಉತ್ತರ ಸಿದ್ಧವಾಗಿದೆ. ಎರಡನೆಯದನ್ನು ಶಿಷ್ಟಾಚಾರದ ವಿಷಯವೆಂದು ಬದಿಗಿರಿಸುವುದೇ ವಾಡಿಕೆ. ಆದರೆ ಎರಡನೆಯದೇ ಹೆಚ್ಚು ಗುರುತರವಾದ ಪ್ರಶ್ನೆಯೆಂದು ಇತಿಹಾಸವು ತೋರಿಸುತ್ತದೆ.

ಆದಿ ಧರ್ಮಸಭೆಯಲ್ಲಿ ಪ್ರಭುವಿನ ಜನನಕ್ಕೆ ಪ್ರತ್ಯೇಕ ಹಬ್ಬವಿರಲಿಲ್ಲ. ಮೂರನೆಯ ಶತಮಾನದಲ್ಲಿ ಒರಿಜೆನರು ಯಾಜಕಕಾಂಡದ ಮೇಲಿನ ತಮ್ಮ ಪ್ರಬೋಧನೆಯೊಂದರಲ್ಲಿ, ಹುಟ್ಟುಹಬ್ಬವನ್ನು ಆಚರಿಸಿದವರೆಂದು ಪವಿತ್ರ ಗ್ರಂಥದಲ್ಲಿ ಕಾಣುವವರು ಫರೋಹ ಮತ್ತು ಹೆರೋದರಂಥವರೇ ಹೊರತು ಸಂತರಲ್ಲ ಎಂದು ನೆನಪಿಸಿದರು. ಡಿಸೆಂಬರ್ 25ನ್ನು ಕ್ರಿಸ್ತರು ಬೆತ್ಲೆಹೇಮಿನಲ್ಲಿ ಜನಿಸಿದ ದಿನವೆಂದು ದಾಖಲಿಸಿದ ರೋಮಿನ ಪಂಚಾಂಗವು 354ರ ಸಂಕಲನವೊಂದರಲ್ಲಿ ಉಳಿದುಬಂದಿದೆ. ಪೂರ್ವದ ಸಭೆಗಳಿಗೆ ಈ ದಿನಾಂಕವು ತಡವಾಗಿ ತಲುಪಿತು. 386ರ ಸುಮಾರಿಗೆ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಸಂತ ಯೊವಾನ್ನ ಕ್ರಿಸೊಸ್ತೊಮರು, ಈ ಹಬ್ಬ ತಮ್ಮ ಊರಿಗೆ ಪರಿಚಯವಾಗಿ ಹತ್ತು ವರ್ಷವೂ ತುಂಬಿಲ್ಲವೆಂದು ಒಪ್ಪಿಕೊಂಡೇ ಅದನ್ನು ಸಮರ್ಥಿಸಿದರು. ಅರ್ಮೇನಿಯದ ಸಭೆಯಾದರೋ ಇಂದಿಗೂ ಪ್ರಭುವಿನ ಜನನವನ್ನೂ ದೀಕ್ಷಾಸ್ನಾನವನ್ನೂ ಜನವರಿ 6ರಂದು ಒಟ್ಟಾಗಿ ಸ್ಮರಿಸುತ್ತದೆ. ದಿನಾಂಕದ ವಿಷಯದಲ್ಲಿ ಭಿನ್ನತೆಯನ್ನು ಧರ್ಮಸಭೆಯು ಮೊದಲಿನಿಂದಲೂ ಸಹಿಸಿಕೊಂಡು ಬಂದಿದೆ ಎಂಬುದು ಇದರಿಂದ ಸ್ಪಷ್ಟ.

ಹಬ್ಬವು ನೆಲೆಗೊಳ್ಳುತ್ತಿದ್ದ ಅದೇ ದಶಕಗಳಲ್ಲಿ ಎರಡನೆಯ ಬಗೆಯ ಎಚ್ಚರಿಕೆಯೂ ಕೇಳಿಬಂತು. ಸಂತ ನಾಜಿಯಾಂಜಿನ ಗ್ರೆಗೋರಿಯವರು 380ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನೀಡಿದ 38ನೆಯ ಪ್ರಬೋಧನೆಯು ಕ್ರಿಸ್ತಜನನದ ದೈವಶಾಸ್ತ್ರಕ್ಕೆ ಹೆಸರಾದುದು. ಅಲ್ಲಿ ಅವರು ಹಬ್ಬವನ್ನು ಕೊಂಡಾಡುವಂತೆ ಜನರನ್ನು ಕರೆದ ಬಳಿಕ, ಬಾಗಿಲುಗಳಿಗೆ ತೋರಣ ಕಟ್ಟುವುದು, ಬೀದಿಗಳನ್ನು ಸಿಂಗರಿಸುವುದು, ಭೋಗದ ಊಟದಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಹೆಣಗುವುದು ಇವೆಲ್ಲ ಬೇಡವೆನ್ನುತ್ತಾರೆ. ಅದಕ್ಕೆ ಅವರು ಕೊಡುವ ಕಾರಣವನ್ನು ನಾವು ಗಮನಿಸಬೇಕು. ನಮ್ಮಂತೆಯೇ ಅದೇ ಮಣ್ಣಿನಿಂದ ರೂಪುಗೊಂಡವರು ಹಸಿದಿರುವಾಗ ಇಂಥ ಅತಿರೇಕ ಸಲ್ಲದು ಎಂಬುದೇ ಆ ಕಾರಣ. ದೇವರು ಮಣ್ಣಿನ ದೇಹವನ್ನು ಧರಿಸಿದ ದಿನದಂದು ಅದೇ ಮಣ್ಣಿನ ಇನ್ನೊಂದು ದೇಹವನ್ನು ಮರೆಯುವುದು ಅವರ ದೃಷ್ಟಿಯಲ್ಲಿ ಹಬ್ಬದ ಅರ್ಥವನ್ನೇ ಮರೆತಂತೆ.

ಇದೇ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಿದವರು ಪೊಂತ ಪ್ರಾಂತ್ಯದ ಅಮಾಸಿಯದ ಧರ್ಮಾಧ್ಯಕ್ಷರಾಗಿದ್ದ ಅಸ್ತೇರಿಯರು. ಅವರು 400ರ ಜನವರಿ 1ರಂದು ರೋಮನ್ ಹೊಸವರ್ಷದ ಹಬ್ಬವನ್ನು ಖಂಡಿಸಿ ಮಾತನಾಡಿದರು. ಆ ಹಬ್ಬ ಕ್ರಿಸ್ತಜಯಂತಿಯಲ್ಲ. ಕ್ರೈಸ್ತರ ಹಬ್ಬಗಳು ಅದಕ್ಕಿಂತ ಬೇರೆಯೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. ಆದರೂ ಅವರ ಪಟ್ಟಿ ನಮಗೆ ಪರಿಚಿತವೆನಿಸುತ್ತದೆ. ಕೊಟ್ಟವರು ಮನಸ್ಸಿನಲ್ಲಿ ಕೊರಗುತ್ತಾರೆ. ಪಡೆದವರ ಕೈಯಲ್ಲಿ ಅದು ನಿಲ್ಲುವುದಿಲ್ಲ; ಕೆಳಗಿನವನಿಂದ ಪಡೆದುದನ್ನು ಮೇಲಿನವನಿಗೆ ಒಪ್ಪಿಸಬೇಕಾಗುತ್ತದೆ. ಮನೆಮನೆಗೆ ಹೋಗಿ ಸಣ್ಣ ಕಾಣಿಕೆ ಕೊಟ್ಟು ಅದರ ಇಮ್ಮಡಿ ಪಡೆಯುವ ಮಕ್ಕಳು ಎಳವೆಯಲ್ಲಿಯೇ ದುರಾಸೆಯ ಪಾಠ ಕಲಿಯುತ್ತಾರೆ. ಕೊಡುಗೆಯು ಬಡವನ ಕಡೆಗೆ ಇಳಿಯದೆ ಬಲವಂತನ ಕಡೆಗೆ ಏರುತ್ತದೆ ಎಂಬುದೇ ಅವರ ಆಕ್ಷೇಪದ ತಿರುಳು. 567ರಲ್ಲಿ ತೂರ್ ನಗರದ ಧರ್ಮಸಭಾ ಸಮ್ಮೇಳನವು ಕ್ರಿಸ್ತಜಯಂತಿಯಿಂದ ಪ್ರಭುಪ್ರಕಟಣೆಯ ಹಬ್ಬದವರೆಗಿನ ದಿನಗಳನ್ನು ಹಬ್ಬದ ದಿನಗಳೆಂದು ಒಪ್ಪಿಕೊಂಡಿತಾದರೂ, ಈ ಹೊಸವರ್ಷದ ಪದ್ಧತಿಗಳಿಗೆ ಪ್ರತಿಯಾಗಿ ನಡುವಿನ ಮೂರು ದಿನಗಳನ್ನು ಉಪವಾಸಕ್ಕೆ ಮೀಸಲಿರಿಸಿತು.

ದಿನದ ಮೇಲಿನ ಆಕ್ಷೇಪವು ಪ್ರಬಲವಾಗಿ ಮರಳಿದ್ದು ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ. ಸುಧಾರಕರಲ್ಲಿಯೂ ಒಮ್ಮತವಿರಲಿಲ್ಲ. 1566ರ ಎರಡನೆಯ ಹೆಲ್ವೆಟಿಕ್ ವಿಶ್ವಾಸನಿವೇದನೆಯು ಪ್ರಭುವಿನ ಜನನದ ಸ್ಮರಣೆಯನ್ನು ಕ್ರೈಸ್ತ ಸ್ವಾತಂತ್ರ್ಯದ ವ್ಯಾಪ್ತಿಗೆ ಬಿಟ್ಟಿತು. ಸ್ಕಾಟ್ಲೆಂಡಿನ ಸಭೆಯು ಅದೇ ನಿವೇದನೆಯನ್ನು ಮೆಚ್ಚಿಕೊಂಡರೂ ಹಬ್ಬಗಳ ಮಾತನ್ನು ಮಾತ್ರ ಒಪ್ಪಲಿಲ್ಲ. ಅಲ್ಲಿ ಕ್ರಿಸ್ತಜಯಂತಿಯು ಸಾರ್ವಜನಿಕ ರಜಾದಿನವಾದದ್ದು 1958ರಲ್ಲಿ. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರ ಪ್ರಾಬಲ್ಯವಿದ್ದ ಪಾರ್ಲಿಮೆಂಟು, ದೇವರ ವಾಕ್ಯದ ಆಧಾರವಿಲ್ಲದ ಹಬ್ಬದ ದಿನಗಳನ್ನು ಮುಂದುವರಿಸಬಾರದೆಂದು ಹೇಳುವ ಆರಾಧನಾ ಕೈಪಿಡಿಯನ್ನು 1645ರಲ್ಲಿ ಜಾರಿಗೆ ತಂದಿತು. 1647ರ ಜೂನ್‌ನಲ್ಲಿ ಕ್ರಿಸ್ತಜಯಂತಿ, ಪಾಸ್ಕ ಮತ್ತು ಪಂಚಾಶತ್ತಮ ಹಬ್ಬಗಳನ್ನು ರದ್ದುಗೊಳಿಸಿತು.

ಆ ಆಜ್ಞೆಯಲ್ಲಿನ ಒಂದು ಅಂಶ ವಿಶೇಷ ಗಮನಕ್ಕೆ ಅರ್ಹ. ಹಬ್ಬಗಳು ಹೋದರೆ ಸೇವಕರಿಗೂ ಕಸುಬು ಕಲಿಯುವ ಹುಡುಗರಿಗೂ ಬಿಡುವೇ ಇಲ್ಲದಂತಾಗುತ್ತದೆ ಎಂಬುದನ್ನು ಪಾರ್ಲಿಮೆಂಟು ಅರಿತಿತ್ತು. ಆದುದರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಅವರಿಗೆ ವಿರಾಮದ ದಿನವೆಂದು ಗೊತ್ತುಪಡಿಸಿತು. ಹಬ್ಬವು ದುಡಿಯುವವರಿಗೆ ಕೊಡುತ್ತಿದ್ದುದು ಏನೆಂಬುದನ್ನು ಅದನ್ನು ಅಳಿಸಿದವರೇ ಹೀಗೆ ಒಪ್ಪಿಕೊಂಡಂತಾಯಿತು. ಆದರೂ ಜನರು ಸುಮ್ಮನಾಗಲಿಲ್ಲ. ಅದೇ ವರ್ಷದ ಡಿಸೆಂಬರ್ 25ರಂದು ಕ್ಯಾಂಟರ್ಬರಿಯಲ್ಲಿ ಅಂಗಡಿಗಳನ್ನು ತೆರೆಸಲು ನಗರಾಧ್ಯಕ್ಷನು ಯತ್ನಿಸಿದಾಗ ದೊಂಬಿ ಎದ್ದಿತು. 1657ರಲ್ಲಿ ಲಂಡನ್ನಿನ ಎಕ್ಸೆಟರ್ ಪ್ರಾರ್ಥನಾಲಯವನ್ನು ಸೈನಿಕರು ಸುತ್ತುವರಿದು, ಪ್ರಸಾದ ಸ್ವೀಕರಿಸಲು ಬಂದವರತ್ತ ಬಂದೂಕು ತೋರಿಸಿದ್ದನ್ನು ಅಲ್ಲಿದ್ದ ಜಾನ್ ಈವ್ಲಿನ್ ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಅಟ್ಲಾಂಟಿಕ್‌ನ ಆಚೆ ಮ್ಯಾಸಚೂಸೆಟ್ಸ್‌ನಲ್ಲಿ 1659ರ ಕಾನೂನು ಈ ಹಬ್ಬವನ್ನು ಆಚರಿಸಿದವರಿಗೆ ಐದು ಷಿಲ್ಲಿಂಗ್ ದಂಡ ವಿಧಿಸಿತು; ಅದು ರದ್ದಾದದ್ದು 1681ರಲ್ಲಿ.

ಇದಕ್ಕಿಂತ ಮೊದಲೇ, 1621ರಲ್ಲಿ, ಪ್ಲಿಮತ್ ವಸಾಹತಿನಲ್ಲಿ ನಡೆದ ಪ್ರಸಂಗವು ನಮ್ಮ ಚರ್ಚೆಗೆ ಹೆಚ್ಚು ಉಪಯುಕ್ತ. ಆ ದಿನ ಕೆಲಸ ಮಾಡುವುದು ತಮ್ಮ ಮನಸ್ಸಾಕ್ಷಿಗೆ ವಿರುದ್ಧವೆಂದು ಹೊಸದಾಗಿ ಬಂದ ಕೆಲವರು ಹೇಳಿದಾಗ ಗವರ್ನರ್ ವಿಲಿಯಂ ಬ್ರಾಡ್‌ಫೋರ್ಡ್ ಅವರನ್ನು ಬಿಟ್ಟು ಉಳಿದವರೊಂದಿಗೆ ದುಡಿಯಲು ಹೋದರು. ಮಧ್ಯಾಹ್ನ ಮರಳಿದಾಗ ಅವರು ಬೀದಿಯಲ್ಲಿ ಆಡುತ್ತಿದ್ದರು. ಬ್ರಾಡ್‌ಫೋರ್ಡರು ಆಟದ ಸಾಮಗ್ರಿಗಳನ್ನು ತೆಗೆದುಕೊಂಡು, ಇತರರು ದುಡಿಯುತ್ತಿರುವಾಗ ನೀವು ಆಡುವುದು ನನ್ನ ಮನಸ್ಸಾಕ್ಷಿಗೆ ವಿರುದ್ಧ, ಭಕ್ತಿಯಿದ್ದರೆ ಮನೆಯೊಳಗೆ ಆಚರಿಸಿ ಎಂಬರ್ಥದ ಮಾತನ್ನಾಡಿದರು. ಹಬ್ಬಕ್ಕೆ ಸಮುದಾಯದ ಮುಖವಿದೆ ಎಂಬುದನ್ನು ಅವರು ಗ್ರಹಿಸಲಿಲ್ಲವೆಂದು ನಾವು ಹೇಳಬಹುದು. ಆದರೆ ಒಬ್ಬರ ಹಬ್ಬವು ಇನ್ನೊಬ್ಬರ ದುಡಿಮೆಯ ಮೇಲೆ ನಡೆಯಬಾರದೆಂಬ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಹೊಸವರ್ಷದೊಂದಿಗೆ ಬೆಸೆದುಕೊಂಡಿದ್ದ ಕೊಡುಗೆಗಳ ವಿನಿಮಯವು 19ನೆಯ ಶತಮಾನದಲ್ಲಿ ಬಹುಮಟ್ಟಿಗೆ ಕ್ರಿಸ್ತಜಯಂತಿಗೆ ವರ್ಗವಾಯಿತು. ವ್ಯಾಪಾರವು ಅದನ್ನು ವಿಸ್ತರಿಸಿತು. ಅದರೊಂದಿಗೆ ಅಸ್ತೇರಿಯರು ಕಂಡ ಹೊರೆಯೂ ಬಂತು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯಾಷನಲ್ ಕನ್ಸ್ಯೂಮರ್ಸ್ ಲೀಗ್‌ನ ಫ್ಲೊರೆನ್ಸ್ ಕೆಲಿ ಅವರು, ಹಬ್ಬದ ವಾರಗಳಲ್ಲಿ ತಡರಾತ್ರಿಯವರೆಗೆ ದುಡಿಯುವ ಅಂಗಡಿಯ ಹುಡುಗಿಯರ ಮತ್ತು ಸಾಮಾನು ತಲುಪಿಸುವ ಹುಡುಗರ ಪರವಾಗಿ ಬರೆದರು. ಬೇಗನೆ ಖರೀದಿ ಮುಗಿಸಿರೆಂಬ ಲೀಗ್‌ನ ಕರೆಯ ಹಿಂದೆ ಇದ್ದುದು ಇದೇ ಕಾಳಜಿ. 1912ರಲ್ಲಿ ನ್ಯೂಯಾರ್ಕಿನಲ್ಲಿ ಆನ್ ಮಾರ್ಗನ್ ಮತ್ತು ಎಲೀನರ್ ಬೆಲ್ಮಾಂಟ್ ಅವರು ನಿರುಪಯುಕ್ತ ಕೊಡುಗೆಗಳನ್ನು ತಡೆಯುವ ಸಂಘವೊಂದನ್ನು ಸ್ಥಾಪಿಸಿದರು. ಮೇಲಧಿಕಾರಿಗಳಿಗೆ ಕೊಡುಗೆ ನೀಡಲು ಅಂಗಡಿಗಳ ನೌಕರ ಹೆಣ್ಣುಮಕ್ಕಳು ತಮ್ಮ ಅಲ್ಪ ಸಂಬಳದಿಂದ ವಂತಿಗೆ ಕೊಡಲೇಬೇಕಾದ ಪದ್ಧತಿಯೇ ಅದಕ್ಕೆ ಮುಖ್ಯ ಪ್ರಚೋದನೆ. ಅಮಾಸಿಯ ಮತ್ತು ನ್ಯೂಯಾರ್ಕುಗಳ ನಡುವೆ 1500 ವರ್ಷಗಳ ಅಂತರವಿದ್ದರೂ ಕೊಡುಗೆಯು ಕೆಳಗಿನಿಂದ ಮೇಲಕ್ಕೆ ಏರುವ ರೀತಿ ಬದಲಾಗಿರಲಿಲ್ಲ.

ಈ ಇತಿಹಾಸವನ್ನು ದೈವಶಾಸ್ತ್ರದ ಬೆಳಕಿನಲ್ಲಿ ಹೇಗೆ ಓದಬೇಕು? ದಿನದ ಪ್ರಶ್ನೆಗೆ ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಮಾರ್ಗ ತೋರಿಸಿದ್ದಾರೆ. ದಿನವನ್ನು ಗಣ್ಯವೆಂದು ಆಚರಿಸುವವನೂ ಎಲ್ಲ ದಿನಗಳನ್ನು ಸಮವೆಂದು ಎಣಿಸುವವನೂ ಪ್ರಭುವಿಗಾಗಿಯೇ ಹಾಗೆ ಮಾಡುವುದಾದರೆ, ಒಬ್ಬರು ಇನ್ನೊಬ್ಬರನ್ನು ತೀರ್ಪಿಗೆ ಗುರಿಮಾಡುವಂತಿಲ್ಲ. ಧರ್ಮಸಭೆಯ ಮಕ್ಕಳಾದ ನಾವು ಈ ಹಬ್ಬವನ್ನು ಕೃತಜ್ಞತೆಯಿಂದ ಆಚರಿಸುತ್ತೇವೆ. ಆಚರಿಸದ ಕ್ರೈಸ್ತ ಸಹೋದರರನ್ನು ಹೀನಾಯವಾಗಿ ಕಾಣಬೇಕಿಲ್ಲ. ಆದರೆ ಹೊರೆಯ ಪ್ರಶ್ನೆಯಲ್ಲಿ ಇಂಥ ಎರಡು ದಾರಿಗಳಿಲ್ಲ. ಧರ್ಮೋಪದೇಶಕಾಂಡದ 16ನೆಯ ಅಧ್ಯಾಯವು ಹಬ್ಬದ ಸಂತೋಷದಲ್ಲಿ ದಾಸದಾಸಿಯರು, ಪರದೇಶಿ, ಅನಾಥ ಮತ್ತು ವಿಧವೆಯರನ್ನು ಸೇರಿಸಿಕೊಳ್ಳಲೇಬೇಕೆಂದು ವಿಧಿಸುತ್ತದೆ. ಪ್ರತಿಯೊಬ್ಬನ ಕಾಣಿಕೆ ಅವನ ಶಕ್ತಿಗೆ ತಕ್ಕಂತಿರಲಿ ಎನ್ನುತ್ತದೆ. ಲೂಕರ ಶುಭಸಂದೇಶದ ಪ್ರಕಾರ ಮರಿಯಮ್ಮನವರೂ ಜೋಸೆಫರೂ ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ, ಕುರಿಮರಿಯನ್ನು ತರಲಾಗದವರಿಗೆಂದು ಧರ್ಮಶಾಸ್ತ್ರವು ಗೊತ್ತುಪಡಿಸಿದ ಹಕ್ಕಿಗಳ ಕಾಣಿಕೆಯನ್ನೇ ಸಲ್ಲಿಸಿದರು. ಯಾರ ಜನನವನ್ನು ನಾವು ಕೊಂಡಾಡುತ್ತೇವೆಯೋ ಅವರ ಮನೆಯವರೇ ಬಡವರ ದರದಲ್ಲಿ ಕಾಣಿಕೆ ಸಲ್ಲಿಸಿದವರು.

ನಾಳೆ ಧರ್ಮಕೇಂದ್ರಗಳ ಹೊಣೆ ಹೊರಲಿರುವ ಗುರುಅಭ್ಯರ್ಥಿಗಳು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮಂಗಳೂರಿನ ಕಡೆ ಕುಸ್ವಾರಿನ ತಟ್ಟೆಯನ್ನು ಜಾತಿಮತ ನೋಡದೆ ನೆರೆಮನೆಗಳಿಗೆ ಹಂಚುವ ಪದ್ಧತಿ ಸುಂದರವಾದುದು. ಅದೇ ತಟ್ಟೆಯನ್ನು ತುಂಬಿಸಲಾಗದ ಮನೆಯವರು ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡರೆ ಪದ್ಧತಿಯು ತನ್ನ ಉದ್ದೇಶಕ್ಕೆ ವಿರುದ್ಧವಾಗಿ ಕೆಲಸ ಮಾಡಿದಂತೆ. ಹಬ್ಬದ ವಂತಿಗೆಯ ಪಟ್ಟಿಯನ್ನು ಹೆಸರು, ಮೊತ್ತಗಳೊಂದಿಗೆ ಓದುವುದು ಅಗತ್ಯವೇ? ಗೋದಲಿಯ ಸ್ಪರ್ಧೆಯಲ್ಲಿ ದುಡ್ಡಿದ್ದವರಷ್ಟೇ ಗೆಲ್ಲುವಂತಿದೆಯೇ? ಹೊಸ ಬಟ್ಟೆಯಿಲ್ಲವೆಂದು ನಡುರಾತ್ರಿಯ ಬಲಿಪೂಜೆಗೆ ಬಾರದೆ ಉಳಿದ ಮಕ್ಕಳು ಯಾರು? ಆ ವರ್ಷ ಸಾವು ಸಂಭವಿಸಿದ ಮನೆಗೆ ಹಬ್ಬ ಮಾಡಲೇಬೇಕೆಂಬ ಒತ್ತಾಯವಿಲ್ಲದೆ ಭೇಟಿ ಕೊಟ್ಟವರಿದ್ದಾರೆಯೇ? ಈ ಪ್ರಶ್ನೆಗಳನ್ನು ಆಗಮನ ಕಾಲದ ಮೊದಲ ವಾರದಲ್ಲಿಯೇ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿಡುವುದು ಗುರುಗಳ ಕರ್ತವ್ಯ. ಡಿಸೆಂಬರ್ 24ಕ್ಕೆ ಕೇಳಿದರೆ ಸಾಲ ಆಗಲೇ ಆಗಿಹೋಗಿರುತ್ತದೆ.

ಪ್ಯೂರಿಟನ್ನರು ಹಬ್ಬವನ್ನು ಬಲಾತ್ಕಾರದಿಂದ ನಿಲ್ಲಿಸಲು ಹೋಗಿ ಸೋತರು. ಹಬ್ಬವನ್ನು ಬಲಾತ್ಕಾರವಾಗಿ ಮಾರ್ಪಡಿಸಿದರೆ ನಾವೂ ಬೇರೆ ರೀತಿಯಲ್ಲಿ ಅದೇ ತಪ್ಪನ್ನು ಮಾಡಿದಂತಾಗುತ್ತದೆ. ಹಿಂದಿರುಗಿ ಕೊಡಲಾರದವರನ್ನು ಔತಣಕ್ಕೆ ಕರೆಯಬೇಕೆಂದು ಪ್ರಭುವೇ ಕಲಿಸಿದ್ದಾರೆ. ನಮ್ಮ ಧರ್ಮಕೇಂದ್ರಗಳ ಕ್ರಿಸ್ತಜಯಂತಿಯನ್ನು ಅಳೆಯಲು ಅದಕ್ಕಿಂತ ಬೇರೆ ಅಳತೆಗೋಲು ನಮಗೆ ಬೇಕಿಲ್ಲ.