ಎಡಗೊರಳಿನ ಅನ್ನನಾಳ: ಕುಣಿಗಲ್ಲಿನ ಕುದುರೆಯಿಂದ ತುಮಕೂರಿನ ಅಂಗರಚನಾ ಶಾಲೆಯವರೆಗೆ

ಕುದುರೆಯ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸುವ ಪಶುವೈದ್ಯರು ಕಣ್ಣಿಡುವುದು ಅದರ ಕೊರಳಿನ ಎಡಮಗ್ಗುಲಿನ ಮೇಲೆ. ಕೊಳವೆ ಅನ್ನನಾಳಕ್ಕೆ ಇಳಿದಿದ್ದರೆ ಅದರ ತುದಿ ಚರ್ಮದಡಿ ಜಾರಿಹೋಗುವುದು ಅಲ್ಲಿ ಕಾಣುತ್ತದೆ. ಕಾಣದಿದ್ದರೆ ಅದು ಶ್ವಾಸನಾಳವನ್ನು ಹೊಕ್ಕಿರಬಹುದು. ಆಗ ಔಷಧ ಹೊಯ್ದರೆ ಪ್ರಾಣಕ್ಕೇ ಸಂಚಕಾರ. ಕೊರಳಿನ ಮೇಲ್ಭಾಗದಲ್ಲಿ ಶ್ವಾಸನಾಳದ ಬೆನ್ನಿಗಂಟಿಕೊಂಡಿರುವ ಅನ್ನನಾಳ ನಡುಗೊರಳಿಗೆ ಬರುತ್ತಲೇ ಎಡಕ್ಕೆ ವಾಲುತ್ತದೆ, ಎದೆಗೂಡನ್ನು ಎಡದಿಂದಲೇ ಹೊಗುತ್ತದೆ, ಒಳಗೆ ಹೋದ ಮೇಲೆ ಮತ್ತೆ ಶ್ವಾಸನಾಳದ ಮೇಲೆ ಏರಿ ಮಹಾಧಮನಿಯ ಕಮಾನಿನ ಬಲಬದಿಯಲ್ಲಿ ಹಾದುಹೋಗುತ್ತದೆ.

ಈ ವಾಲಿಕೆಯನ್ನು ಹಿಡಿದುಕೊಂಡು ಅನ್ನನಾಳದ ಅರಿವಿನ ಚರಿತ್ರೆಯನ್ನು ನಮ್ಮ ಸೀಮೆಯಿಂದ ಓದಬಹುದು ಎನ್ನುವುದು ಈ ಲೇಖನದ ವಾದ. ವೈದ್ಯಚರಿತ್ರೆಯ ಪುಸ್ತಕಗಳು 1543ರ ವೆಸಾಲಿಯಸ್‌ನಿಂದ 1628ರ ಹಾರ್ವೆಗೆ ನೆಗೆಯುತ್ತವೆ, ಮನುಷ್ಯನ ದೇಹವನ್ನೇ ಹಿಡಿದು ಸಾಗುತ್ತವೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನಲ್ಲಿ, ಹಳ್ಳಿಕಾರ್ ದನಗಳ ತವರಾದ ಈ ಬಯಲಿನಲ್ಲಿ ಆ ದಾರಿ ಅರ್ಧ ಮಾತ್ರ. ಇಲ್ಲಿ ಗಂಟಲಿನ ಅರಿವು ಮೊದಲು ಬೇಕಾದದ್ದು ಪ್ರಾಣಿಯ ಕೊರಳಿಗೆ.

ಕನ್ನಡದಲ್ಲಿ ಆ ಅರಿವಿಗೆ ಹಳೆಯ ಬರಹದ ಬೆನ್ನಿದೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಸುಮಾರು 1125ರಲ್ಲಿ ‘ಗೋವೈದ್ಯ’ ಬರೆದ. ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದ. ಸುಮಾರು 1400ರಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣಪಂಡಿತ ‘ಹಯಸಾರ ಸಮುಚ್ಚಯ’ ರಚಿಸಿದ. ರಕ್ತ ದೇಹದಲ್ಲಿ ಸುತ್ತಿ ಬರುತ್ತದೆ ಎಂದು ಹಾರ್ವೆಯ ಪುಸ್ತಕ ಸಾರಿದ್ದು ಅದರ ಮರುವರ್ಷ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು, ಒಂದು ಪರಂಪರೆಯ ಸಂಗ್ರಹ, ಇನ್ನೊಂದು ಹೊಸ ಪ್ರಯೋಗದ ಫಲ. ಆದರೂ ಅಶ್ವಶಾಸ್ತ್ರದ ಪರಂಪರೆಯಲ್ಲಿ ಸಿರಾವೇಧ, ಅಂದರೆ ನಾಳ ಚುಚ್ಚಿ ರಕ್ತ ತೆಗೆಯುವುದು, ಒಂದು ಮುಖ್ಯ ಚಿಕಿತ್ಸೆ. ಕುದುರೆಯ ಮೈಯಲ್ಲಿ ಕೈಗೆ ಸುಲಭವಾಗಿ ಸಿಗುವ ದೊಡ್ಡ ಸಿರೆ ಕೊರಳಿನದು. ಅದನ್ನು ಚುಚ್ಚುವವನಿಗೆ ಅದರ ನೆರೆಹೊರೆ ತಿಳಿದಿರಲೇಬೇಕು.

ಆ ನೆರೆಹೊರೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕುದುರೆಯ ಕೊರಳಿನ ತಳಬದಿಯಲ್ಲಿ ಉದ್ದಕ್ಕೂ ಒಂದು ತೋಡಿದೆ. ಚರ್ಮದಡಿಯೇ ಕಂಠಸಿರೆ, ಅದರ ಒಳಗೆ ಶೀರ್ಷಧಮನಿ, ಧಮನಿಯ ಜೊತೆಗೇ ವೇಗಸ್ ನರದ ಕಟ್ಟು. ಎಡಗಡೆ ಈ ಸಂಸಾರಕ್ಕೆ ಅನ್ನನಾಳವೂ ಸೇರಿಕೊಳ್ಳುತ್ತದೆ. ಕೊರಳಿನ ಮೇಲರ್ಧದಲ್ಲಿ ಸಿರೆಗೂ ಧಮನಿಗೂ ನಡುವೆ ಒಂದು ಸ್ನಾಯು ಗೋಡೆಯಂತೆ ನಿಂತಿದೆ. ಕೆಳಗೆ ಆ ಗೋಡೆ ಇಲ್ಲ. ಇವತ್ತಿಗೂ ಕುದುರೆಯ ಕಂಠಸಿರೆಗೆ ಸೂಜಿಮದ್ದನ್ನು ಕೊರಳಿನ ಮೇಲ್ಭಾಗದಲ್ಲೇ ಕೊಡುವುದು ಅದಕ್ಕಾಗಿ. ಕೊರಳಿನ ಅನ್ನನಾಳಕ್ಕೆ ರಕ್ತ ಬರುವುದೂ ಇದೇ ಶೀರ್ಷಧಮನಿಯ ಕವಲುಗಳಿಂದ.

ಕುದುರೆ ವಾಂತಿ ಮಾಡಲಾರದು. ಅನ್ನನಾಳ ಜಠರವನ್ನು ಸೇರುವ ಬಾಗಿಲು ಅಷ್ಟು ಬಿಗಿ. ಒಣ ಮೇವು ನಡುವೆ ಸಿಕ್ಕಿಕೊಂಡರೆ ಜೊಲ್ಲು, ಮೇವು ಎರಡೂ ಮೂಗಿನಿಂದ ಸುರಿಯುತ್ತವೆ, ಎಡಗೊರಳಿನಲ್ಲಿ ಉಬ್ಬು ಕಾಣುತ್ತದೆ. ಹುರುಳಿಯನ್ನು ನೆನೆಸಿ ಅಥವಾ ಬೇಯಿಸಿಯೇ ಇಡಬೇಕೆಂಬ ಲಾಯದ ಕಟ್ಟಳೆಯಲ್ಲಿ ಈ ಅಂಗರಚನೆಯ ತಿಳಿವಳಿಕೆ ಅಡಗಿದೆ ಎಂದೇ ನಾನು ಓದುತ್ತೇನೆ.

ಸುಶ್ರುತಸಂಹಿತೆ ಅನ್ನ ಸಾಗಿಸುವ ಎರಡು ಸ್ರೋತಸ್ಸುಗಳನ್ನು ಹೇಳಿ, ಅವುಗಳ ಮೂಲ ಆಮಾಶಯ ಮತ್ತು ಅನ್ನವಾಹಿನಿ ಧಮನಿಗಳು ಎನ್ನುತ್ತದೆ. ಅನ್ನದ ದಾರಿಗೂ ರಕ್ತದ ದಾರಿಗೂ ಅಲ್ಲಿ ಹೆಸರು ಒಂದೇ, ಧಮನಿ. ಇದನ್ನು ಗೊಂದಲವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಕನ್ನಡವೂ ಅನ್ನನಾಳ, ಶ್ವಾಸನಾಳ, ರಕ್ತನಾಳ ಎಂದು ಮೂರನ್ನೂ ಒಂದೇ ಬಳ್ಳಿಯ ಕಾಯಿಗಳಂತೆ ಕರೆಯುತ್ತದೆ. ಅದೇ ಸಂಹಿತೆ ಕಂಠನಾಡಿಯ ಇಬ್ಬದಿಯಲ್ಲಿ ನೀಲಾ, ಮನ್ಯಾ ಎಂಬ ನಾಲ್ಕು ಮರ್ಮಧಮನಿಗಳನ್ನು ಗುರುತಿಸಿ, ಅಲ್ಲಿ ಪೆಟ್ಟಾದರೆ ಮಾತು ನಿಲ್ಲುತ್ತದೆ, ದನಿ ಕೆಡುತ್ತದೆ, ರುಚಿ ತಿಳಿಯದಾಗುತ್ತದೆ ಎನ್ನುತ್ತದೆ. ದನಿ ಕೆಡುವ ಮಾತು ಗಮನಾರ್ಹ. ಧ್ವನಿಪೆಟ್ಟಿಗೆಯ ಎಡನರ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಎದೆಗಿಳಿದು, ಮಹಾಧಮನಿಯನ್ನು ಬಳಸಿ, ಶ್ವಾಸನಾಳ ಮತ್ತು ಅನ್ನನಾಳದ ಮಗ್ಗುಲಲ್ಲೇ ಮೇಲೇರಿ ಬರುತ್ತದೆ. ಉದ್ದ ಕೊರಳಿನ ಎತ್ತರದ ಕುದುರೆಗಳಲ್ಲಿ ಈ ನರ ಸೊರಗಿದಾಗ ಓಡುವಾಗ ಉಸಿರು ಗೊರಗುಟ್ಟುತ್ತದೆ. ಮನುಷ್ಯರಲ್ಲಿ ಅನ್ನನಾಳದ ಗಂಟು ಆ ನರವನ್ನು ಒತ್ತಿದರೆ ದನಿ ಒಡೆಯುತ್ತದೆ.

ಯುರೋಪಿನಲ್ಲೂ ಕುದುರೆಯ ದೇಹಕ್ಕೆ ಪ್ರತ್ಯೇಕ ಗ್ರಂಥ ಬಂದದ್ದು ವೆಸಾಲಿಯಸ್ ಆದ ಅರ್ಧ ಶತಮಾನದ ಮೇಲೆ, 1598ರಲ್ಲಿ, ಕಾರ್ಲೊ ರೂಯಿನಿಯಿಂದ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ, ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಶುರುವಾದವು. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು 1988ರಲ್ಲಿ ತೆರೆದ ಮೇಲೆ ಅಂಗರಚನಾಶಾಸ್ತ್ರದ ಪಾಠ ಜಿಲ್ಲೆಯೊಳಗೇ ಬಂತು.

ಆ ಪಾಠದ ಮನುಷ್ಯ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ಮುಂಬಲ್ಲಿನಿಂದ ಅಳೆದರೆ ಸುಮಾರು 15ರಲ್ಲಿ ಅದರ ಬಾಯಿ, 22ರ ಹತ್ತಿರ ಮಹಾಧಮನಿಯ ಒತ್ತು, 27ರ ಹತ್ತಿರ ಎಡ ಶ್ವಾಸನಳಿಕೆಯ ಒತ್ತು, 40ರ ಸುಮಾರಿಗೆ ವಪೆಯ ಕಂಡಿ. ನುಂಗಿದ ನಾಣ್ಯ ಸಿಕ್ಕಿಬೀಳುವುದು ಇಂಥ ತಾಣಗಳಲ್ಲೇ. ಮನುಷ್ಯನಲ್ಲೂ ಕೊರಳಿನ ಬುಡದಲ್ಲಿ ಅನ್ನನಾಳ ಎಡಕ್ಕೇ ವಾಲಿದೆ, ಶಸ್ತ್ರವೈದ್ಯರು ಸಾಮಾನ್ಯವಾಗಿ ಎಡಗೊರಳಿನಿಂದಲೇ ಅದನ್ನು ತಲುಪುತ್ತಾರೆ. ಕುಣಿಗಲ್ಲಿನ ಕುದುರೆಗೂ ತುಮಕೂರಿನ ರೋಗಿಗೂ ಇಷ್ಟು ನಂಟಿದೆ. ಕೆಳತುದಿಯಲ್ಲಿ ರಕ್ತದ ಎರಡು ಸೀಮೆಗಳು ಕೂಡುತ್ತವೆ: ಅನ್ನನಾಳದ ಸಿರೆಗಳು ಒಂದು ಕಡೆ ಯಕೃತ್ತಿನ ದ್ವಾರಸಿರೆಗೂ ಇನ್ನೊಂದು ಕಡೆ ಎದೆಯ ಸಿರೆಗಳಿಗೂ ಹರಿಯುತ್ತವೆ. ಯಕೃತ್ತು ಗಡುಸಾದರೆ ರಕ್ತ ಈ ಸಣ್ಣ ದಾರಿಗೆ ನುಗ್ಗಿ ಸಿರೆಗಳು ಉಬ್ಬುತ್ತವೆ, ಒಡೆದಾಗ ರೋಗಿ ರಕ್ತ ಕಾರುತ್ತಾನೆ.

ಗುಬ್ಬಿಯ ಅಡಿಕೆ ತೋಟಗಳ ನಡುವೆ ನಿಂತು ಇನ್ನೊಂದು ಮಾತು ಹೇಳದೆ ಇರಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 2012ರ ಸಂಪುಟ ಎಲೆಯಡಿಕೆಯನ್ನು, ಹೊಗೆಸೊಪ್ಪು ಇರಲಿ ಬಿಡಲಿ, ಅನ್ನನಾಳದ ಕ್ಯಾನ್ಸರಿಗೂ ಕಾರಣವೆಂದಿತು. ಜಠರಕ್ಕೆ ಇರುವ ಹೊರಪೊರೆ ಅನ್ನನಾಳದ ಬಹುಭಾಗಕ್ಕೆ ಇಲ್ಲ. ಹಾಗಾಗಿ ಅಲ್ಲಿನ ಗಂಟು ಮಹಾಧಮನಿಗೂ ಶ್ವಾಸನಾಳಕ್ಕೂ ಬೇಗ ಹಬ್ಬುತ್ತದೆ. ತೋಟದವರ ಬದುಕು ಅಡಿಕೆಯ ಮೇಲೆ ನಿಂತಿರುವಾಗ ಇದನ್ನು ಬರೆಯುವುದು ಸುಲಭವಲ್ಲ. ನುಂಗುವಾಗ ತಡೆಯಾಗುತ್ತಿದ್ದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ.

ಕೊನೆಗೆ ಒಂದು ಕೋರಿಕೆ. ಕುಣಿಗಲ್, ಗುಬ್ಬಿ, ತುಮಕೂರಿನ ಹಳೆಯ ಮನೆಗಳ ಅಟ್ಟದಲ್ಲಿ ಕುದುರೆ ಅಥವಾ ದನದ ವೈದ್ಯದ ಓಲೆಗರಿ, ಕಡತ ಏನಿದ್ದರೂ ಹೊಳೆಗೆ ಬಿಡಬೇಡಿ, ಒಲೆಗೆ ಹಾಕಬೇಡಿ. 1891ರಿಂದ ಇಂಥವನ್ನು ಕಾಪಾಡುತ್ತಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ ಮೈಸೂರಿನಲ್ಲಿದೆ, ಅಲ್ಲಿಯವರಿಗೆ ತೋರಿಸಿ. ಲಾಯದಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಕುದುರೆಯ ಕೊರಳಿನ ಒಂದೊಂದು ಭಾಗಕ್ಕೂ ಅವರು ಹೇಳುವ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ.