ರೈಲ್ವೆ ಗೇಟನ್ನು ರಸ್ತೆಗೆ ತೆರೆಯುವ ಅಧಿಕಾರ

ರೈಲುಹಾದಿಯೂ ರಸ್ತೆಯೂ ಸಮತಲದಲ್ಲಿ ಸಂಧಿಸುವೆಡೆ ಗೇಟು ಯಾರಿಗೆ ಮುಚ್ಚಿರಬೇಕು? ಬ್ರಿಟನ್ನಿನ 1842ರ ಕಾಯಿದೆಯು ಇದನ್ನು ರಸ್ತೆಗೆ ಪ್ರತಿಕೂಲವಾಗಿ ತೀರ್ಮಾನಿಸಿತು: ಗೇಟು ರಸ್ತೆಗಡ್ಡವಾಗಿ ಸದಾ ಮುಚ್ಚಿರತಕ್ಕದ್ದು, ಕುದುರೆ, ದನ, ಗಾಡಿಗಳು ದಾಟಬೇಕಾದಾಗ ಮಾತ್ರ ತೆರೆಯತಕ್ಕದ್ದು. ರಸ್ತೆ ಪ್ರಾಚೀನವಾದುದು, ರೈಲು ನಿನ್ನೆ ಬಂದುದು ಎಂಬುದನ್ನು ನೆನೆದರೆ ಈ ತೀರ್ಮಾನದ ಗುರುತ್ವ ತಿಳಿದೀತು. ಆದರೂ ನಾವು ಗಮನಿಸಬೇಕಾದ ಅಂಶವೊಂದುಂಟು. ಮುಚ್ಚಿದುದನ್ನು ಮತ್ತೆ ತೆರೆಯುತ್ತಿದ್ದವನು ಮನುಷ್ಯನು. ದಾಟುವವರನ್ನು ಕಣ್ಣಾರೆ ಕಂಡೇ ಆತನು ತೆರೆಯುತ್ತಿದ್ದನು.

ಮೋಟಾರು ಸಂಚಾರ ಹೆಚ್ಚಿದಂತೆ ರಸ್ತೆಯು ತನ್ನ ಹಕ್ಕನ್ನು ಮರಳಿ ಕೇಳಿತು. 1957ರ ಕಾಯಿದೆಯು ಹಳೆಯ ಕಟ್ಟಳೆಯನ್ನು ಸಡಿಲಿಸಿತು. 1961ರಲ್ಲಿ ಸ್ಟ್ಯಾಫರ್ಡ್‌ಷೈರಿನ ಸ್ಪಾತ್ ಎಂಬಲ್ಲಿ ತಾನಾಗಿ ಇಳಿದೇಳುವ ಅರ್ಧತಡೆ ಬಂದಿತು. ಇನ್ನು ರಸ್ತೆಯೇ ತೆರೆದಿರುವುದು, ರೈಲು ಸಮೀಪಿಸಿದಾಗ ಕ್ಷಣಕಾಲ ಮುಚ್ಚುವುದು. ಕಾವಲುಗಾರನು ಮರೆಯಾದನು. ಅದೇ ಪ್ರಾಂತದ ಹಿಕ್ಸನ್‌ನಲ್ಲಿ 1967ರಲ್ಲಿ ಇಂಥ ತಡೆಯನ್ನು ಅಳವಡಿಸಿದರು. 1968ರ ಜನವರಿ 6ರಂದು 120 ಟನ್ ತೂಕದ ಟ್ರಾನ್ಸ್‌ಫಾರ್ಮರನ್ನು ಹೊತ್ತ ವಾಹನವು ಅಲ್ಲಿ ಆಮೆಯ ನಡಿಗೆಯಲ್ಲಿ ದಾಟುತ್ತಿತ್ತು. ಯಂತ್ರವು ಕೊಟ್ಟ ಮುನ್ಸೂಚನೆ 24 ಸೆಕೆಂಡುಗಳದು. ರೈಲು ಅಪ್ಪಳಿಸಿ 11 ಮಂದಿ ಮಡಿದರು. ಪೋಲೀಸರ ಬೆಂಗಾವಲೂ ಇತ್ತೆಂಬುದು ಸೋಜಿಗ! ದಾಟುವ ಮುನ್ನ ಸಿಗ್ನಲ್ ಕಟ್ಟೆಯವನನ್ನು ಕೇಳಲು ಗೇಟಿನ ಬಳಿಯಲ್ಲೇ ಟೆಲಿಫೋನಿದ್ದಿತು. ಅದನ್ನು ಯಾರೂ ಎತ್ತಿರಲಿಲ್ಲ.