ಹಾಲೆ ಕಷಾಯ: ಔಷಧಶಾಸ್ತ್ರದ ಇತಿಹಾಸದಲ್ಲಿ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಆಷಾಢದ ಅಮಾವಾಸ್ಯೆಯಂದು ಬರಿಹೊಟ್ಟೆಯಲ್ಲಿ ಕುಡಿಯುವ ಕಹಿ ಮದ್ದು. ಕುಂದಾಪ್ರ ಕನ್ನಡದ ಮನೆಗಳಿಗೆ ಆ ದಿನ ಆಸಾಡಿ ಅಮಾಸೆ, ತುಳು ಮನೆಗಳಿಗೆ ಆಟಿ ಅಮಾಸೆ. ಬೆಳಕು ಹರಿಯುವ ಮುನ್ನ ಹಾಲೆ ಮರದ (ತುಳುವಿನಲ್ಲಿ ಪಾಲೆ) ಕೆತ್ತೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತರುವುದು ರೂಢಿ. ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ರಸ ಹಿಂಡುತ್ತಾರೆ. ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಆ ರಸದಲ್ಲಿ ಅದ್ದುತ್ತಾರೆ. ಕಷಾಯದ ಉಷ್ಣ ತಣಿಸಲು ಮೆಂತೆ ಗಂಜಿ ಉಣ್ಣುತ್ತಾರೆ. ಮದ್ದಿನ ಮೂಲ, ತಯಾರಿ, ಹೊತ್ತು, ಕೊಡುವ ದಾರಿ, ಪಥ್ಯ ಎಲ್ಲವನ್ನೂ ಈ ಆಚರಣೆ ಗೊತ್ತುಮಾಡಿದೆ. ಗೊತ್ತುಮಾಡದೆ ಬಿಟ್ಟದ್ದು ಪ್ರಮಾಣವನ್ನು ಮಾತ್ರ.

ಹಾಲೆ ಮರ ಅಚ್ಚಿನ ಪುಸ್ತಕಕ್ಕೆ ಏರಿದ್ದು ಕೊಚ್ಚಿಯ ಡಚ್ ಆಡಳಿತಗಾರ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ. ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಮಾತೃಭಾಷೆಯ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅದಕ್ಕೆ ಮಾಹಿತಿ ಕೊಟ್ಟವರು. 1678ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಮೊದಲ ಸಂಪುಟದಲ್ಲಿ ಹಾಲೆಯೂ ಇದೆ, ಹಾಲೆಯೆಂದು ಭ್ರಮಿಸಿ ಜನ ಜೀವ ಕಳೆದುಕೊಳ್ಳುವ ವಿಷದ ಮರ ಕಾಸರಕವೂ ಇದೆ. ಹಾಲೆಯ ಕುಲಕ್ಕೆ ಆಮೇಲೆ ಇಟ್ಟ ‘ಆಲ್‌ಸ್ಟೋನಿಯ’ ಎಂಬ ಹೆಸರು ಎಡಿನ್‌ಬರೋದಲ್ಲಿ ಮದ್ದಿನ ದ್ರವ್ಯಗಳ ಪಾಠ ಹೇಳುತ್ತಿದ್ದ ಚಾರ್ಲ್ಸ್ ಆಲ್‌ಸ್ಟನ್‌ನದು. 19ನೇ ಶತಮಾನದಲ್ಲಿ ಹಾಲೆ ಕೆತ್ತೆ ಮಲೇರಿಯಾದ ಮದ್ದಾದ ಕ್ವಿನೈನಿಗೆ ಬದಲಿಯಾದೀತೆಂಬ ಆಸೆ ಹುಟ್ಟಿತು. ಅದರಿಂದ ಎಕಿಟಮೀನ್ ಎಂಬ ಆಲ್ಕಲಾಯ್ಡ್ ಬೇರ್ಪಡಿಸಿದರು. ಭಾರತೀಯ ಔಷಧಶಾಸ್ತ್ರದ ಪಿತಾಮಹ ಆರ್. ಎನ್. ಚೋಪ್ರಾ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಇಂಥ ನೂರಾರು ನಾಟಿ ಮದ್ದುಗಳನ್ನು ಒರೆಗೆ ಹಚ್ಚಿದರು. ಪರೀಕ್ಷೆಗಳಲ್ಲಿ ಹಾಲೆಗೆ ಕ್ವಿನೈನಿನ ಶಕ್ತಿ ಕಾಣಲಿಲ್ಲ. ಹಾಗೆಂದು ಆಚರಣೆಯೇ ಟೊಳ್ಳೆನ್ನಲಾಗದು. ಕಷಾಯ ಕುಡಿದರೆ ವರ್ಷವಿಡೀ ರೋಗ ಬಾರದೆಂಬ ನಂಬಿಕೆಗೆ ಮಾತ್ರ ಪುರಾವೆಯಿಲ್ಲ.

ಕಾಸರಕದ ಕಥೆ ಇನ್ನೂ ದೊಡ್ಡದು, ಪ್ರಯೋಗಾತ್ಮಕ ಔಷಧಶಾಸ್ತ್ರದ ಆರಂಭವೇ ಅದರ ಕುಲದಲ್ಲಿದೆ. 1809ರಲ್ಲಿ ಪ್ಯಾರಿಸ್ಸಿನ ಫ್ರಾಂಸ್ವಾ ಮಜಾಂಡಿ, ಕಾಸರಕದ ದಾಯಾದಿಯಾದ ಜಾವಾ ಬಳ್ಳಿಯೊಂದರ ಬಾಣವಿಷವನ್ನು ಪ್ರಾಣಿಗಳ ತೊಡೆಗೆ, ಹೊಟ್ಟೆಯೊಳಕ್ಕೆ, ಕರುಳಿಗೆ ಸೇರಿಸಿ ನೋಡಿದ. ದಾರಿ ಯಾವುದಾದರೂ ಸೆಡೆತ ಒಂದೇ. ಬೇಗ ಬರುತ್ತದೋ ನಿಧಾನವೋ ಎಂಬುದಷ್ಟೇ ಬೇರೆ. ವಿಷ ರಕ್ತದ ಮೂಲಕ ಬೆನ್ನುಹುರಿ ತಲುಪಿ ಅಲ್ಲಿ ಕೆಲಸ ಮಾಡುತ್ತದೆಂದು ಅವನು ತೋರಿಸಿದ. ಮದ್ದಿಗೆ ಮೈಯಲ್ಲಿ ಗೊತ್ತಾದ ನೆಲೆಯೊಂದಿದೆ ಎಂಬ ತಿಳಿವಳಿಕೆಗೆ ಪ್ರಯೋಗದ ಬುನಾದಿ ಸಿಕ್ಕಿದ್ದು ಹೀಗೆ. 1818ರಲ್ಲಿ ರಸಾಯನಜ್ಞರಾದ ಪೆಲ್ಟಿಯೆ ಮತ್ತು ಕವೆಂಟೂ ಇದೇ ಕುಲದ ಬೀಜದಿಂದ, ಕಾಸರಕದಲ್ಲೂ ಇರುವ ಆ ವಿಷವನ್ನು, ಅಂದರೆ ಸ್ಟ್ರಿಕ್ನೀನನ್ನು, ಬೇರ್ಪಡಿಸಿದರು. 1905ರಲ್ಲಿ ಶರೀರಕ್ರಿಯಾ ವಿಜ್ಞಾನಿ ಲ್ಯಾಂಗ್ಲಿ ಮದ್ದನ್ನು ಹಿಡಿಯುವ ‘ಗ್ರಾಹಕ ವಸ್ತು’ವಿನ ಮಾತೆತ್ತಿದ. ಸ್ಟ್ರಿಕ್ನೀನ್ ತಡೆಯುವುದು ಗ್ಲೈಸಿನ್ ಗ್ರಾಹಕಗಳನ್ನೆಂದು ಈಗ ಗೊತ್ತಿದೆ. ಸ್ನಾಯುಗಳಿಗೆ ಬೆನ್ನುಹುರಿ ಹಾಕಿದ ಕಡಿವಾಣ ಕಳಚಿ, ಸಣ್ಣ ಸದ್ದಿಗೂ ಇಡೀ ದೇಹ ಬಿಲ್ಲಿನಂತೆ ಬಾಗುತ್ತದೆ. ಪ್ರಜ್ಞೆ ಮಾತ್ರ ತಪ್ಪುವುದಿಲ್ಲ. ಈ ವಿಷದ ಅತಿ ಕ್ರೂರ ಮುಖ ಅದು.

ಬಾಯಿಯ ಮೂಲಕ ಹೋದ ಸ್ಟ್ರಿಕ್ನೀನನ್ನು ಸಣ್ಣಕರುಳು ಬೇಗ ಹೀರುತ್ತದೆ, ಬರಿಹೊಟ್ಟೆಯಲ್ಲಿ ಇನ್ನೂ ಬೇಗ. 15ರಿಂದ 30 ನಿಮಿಷದಲ್ಲಿ ಲಕ್ಷಣ ಮೂಡಬಹುದು. ಕರುಳಿನಿಂದ ರಕ್ತ ಮೊದಲು ಯಕೃತ್ತಿಗೆ ಹರಿಯುವುದರಿಂದ ಎಷ್ಟೋ ಮದ್ದುಗಳ ಬಲ ಅಲ್ಲಿಯೇ ಕುಂದುತ್ತದೆ. ಚುಚ್ಚುಮದ್ದು, ನಾಲಿಗೆಯಡಿಯ ಮಾತ್ರೆಗಳು ಆ ಸುಂಕದಕಟ್ಟೆಯನ್ನು ತಪ್ಪಿಸಿ ಹೋಗುತ್ತವೆ. ಆದರೆ 50ರಿಂದ 100 ಮಿಲಿಗ್ರಾಂ ಸ್ಟ್ರಿಕ್ನೀನ್ ಸಾಕು ದೊಡ್ಡವರ ಪ್ರಾಣಕ್ಕೆ, ಅದಕ್ಕೂ ಕಡಿಮೆಯಲ್ಲಿ ಸತ್ತವರಿದ್ದಾರೆ. ಇಲ್ಲಿ ಯಕೃತ್ತಿನ ಕಾವಲನ್ನು ನಂಬಿ ಕೂರುವಂತಿಲ್ಲ. ಕಾದ ಕಲ್ಲಿಗೂ ಈ ವಿಷ ಕೆಡುವುದಿಲ್ಲ. ಆಯುರ್ವೇದ ಕಾಸರಕದ ಬೀಜವನ್ನು ಹಾಲು, ತುಪ್ಪಗಳಲ್ಲಿ ಶೋಧಿಸಿಯೇ ಅತಿ ಸಣ್ಣ ಪ್ರಮಾಣದಲ್ಲಿ ಬಳಸುತ್ತದೆ. ವಿಷಗಳ ಬಗ್ಗೆ ಕನ್ನಡದ್ದೇ ಗ್ರಂಥವೂ ಇದೆ, 14ನೇ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’.

ಕರಾವಳಿಯಲ್ಲಿ ಹಾಲೆಯೆಂದು ಕಾಸರಕದ ಕೆತ್ತೆ ತಂದು ಕುಡಿದು ಸತ್ತವರುಂಟು. ಕತ್ತಲೆ, ಮಳೆ, ಪಾಚಿಗಟ್ಟಿದ ಕಾಂಡ. ಎರಡೂ ಕಹಿಯಾದ್ದರಿಂದ ನಾಲಿಗೆಯೂ ಎಚ್ಚರಿಸುವುದಿಲ್ಲ. ಹಾಲೆಯ ಎಲೆಗಳು ಗೆಣ್ಣಿನ ಸುತ್ತ ಐದೋ ಏಳೋ ಗುಂಪಾಗಿರುತ್ತವೆ, ಗಾಯವಾದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಹಾಲಿಲ್ಲ; ಎಲೆಗಳು ಎದುರುಬದುರು, ಬುಡದಿಂದಲೇ ಮೂರು ಅಥವಾ ಐದು ನರ, ಕಿತ್ತಳೆ ಬಣ್ಣದ ಹಣ್ಣು. ಹಿಂದಿನ ದಿನವೇ, ಹಗಲಿನಲ್ಲಿ, ಮರ ಬಲ್ಲವರಿಂದ ಗುರುತು ಹಾಕಿಸಿಕೊಳ್ಳುವುದನ್ನು ಆಚರಣೆಯ ಅಂಗವಾಗಿಯೇ ಎಣಿಸಬೇಕು.

ಈ ವಿಷಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಡಯಾಜೆಪಾಮಿನಂಥ ಮದ್ದನ್ನು ರಕ್ತನಾಳಕ್ಕೆ ಕೊಟ್ಟು ಸೆಡೆತ ತಡೆಯುವುದು, ಬೇಕಾದರೆ ಉಸಿರಾಟದ ಯಂತ್ರಕ್ಕೆ ಹಾಕುವುದು, ಸದ್ದು ಬೆಳಕಿಲ್ಲದ ಕೋಣೆಯಲ್ಲಿಡುವುದು ಚಿಕಿತ್ಸೆ. 1953ರಲ್ಲಿ ಡಾ. ಟಿ. ಎಂ. ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಮೇಲೆ ಇಂಥ ಆರೈಕೆ ಈ ಸೀಮೆಗೆ ಹತ್ತಿರವಾಯಿತು. ಕಷಾಯ ಕುಡಿದವರ ಕುತ್ತಿಗೆ, ದವಡೆ ಬಿಗಿದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಉಳಿದ ಕೆತ್ತೆಯ ತುಂಡನ್ನೂ ಜೊತೆಗೆ ಒಯ್ಯಬೇಕು.